ಹಸುವಿನ ಇಂಜೆಕ್ಷನ್, ಮಗುವಿನ ಬೆಳವಣಿಗೆ, ಬಾಣಂತಿಯ ಜೀವ

ಎಂಟು ವರ್ಷ ತುಂಬುವ ಮೊದಲೇ ಮಗಳ ಮೈಯಲ್ಲಿ ಬದಲಾವಣೆ ಕಾಣಿಸಿಕೊಂಡರೆ ಅನೇಕ ಮನೆಗಳಲ್ಲಿ ಮೊದಲ ಅನುಮಾನ ಬೀಳುವುದು ಹಾಲಿನ ಮೇಲೆ. ಹಸುವಿಗೆ ಇಂಜೆಕ್ಷನ್ ಕೊಟ್ಟು ಹಾಲು ಕರೆಯುತ್ತಾರೆ, ಆ ಔಷಧ ಹಾಲಿಗೆ ಇಳಿಯುತ್ತದೆ, ಅದನ್ನು ಕುಡಿದ ಹೆಣ್ಣುಮಕ್ಕಳು ಬೇಗ ಮೈನೆರೆಯುತ್ತಾರೆ ಎಂಬ ಮಾತನ್ನು ಅಕ್ಕಪಕ್ಕದವರಿಂದ ಕೇಳದ ತಾಯಂದಿರು ಕಡಿಮೆ. ಈ ಮಾತಿನ ಹಿಂದೆ ಇರುವುದು ಮಕ್ಕಳ ಮೇಲಿನ ಕಾಳಜಿಯಾದ್ದರಿಂದ ಅದನ್ನು ಹಗುರವಾಗಿ ತಳ್ಳಿಹಾಕುವುದು ಸರಿಯಲ್ಲ. ಆದರೆ ಮಗುವನ್ನು ಎತ್ತರಕ್ಕೆ ಬೆಳೆಸುವ ಹಾರ್ಮೋನು, ಮೈನೆರೆಸುವ ಹಾರ್ಮೋನು, ಕೆಚ್ಚಲಿನಿಂದ ಹಾಲು ಇಳಿಸುವ ಹಾರ್ಮೋನು ಎಲ್ಲವನ್ನೂ ಅದು ಒಂದೇ ಗಂಟಿನಲ್ಲಿ ಕಟ್ಟಿಬಿಡುತ್ತದೆ. ಈ ಗೊಂದಲ ಮನೆಯ ಮಾತುಕತೆಯಲ್ಲೇ ಉಳಿದಿದ್ದರೆ ಅಷ್ಟು ತೊಂದರೆಯಿರಲಿಲ್ಲ. 2018ರಲ್ಲಿ, ಹೈನುಗಾರಿಕೆಯಲ್ಲಿ ದುರ್ಬಳಕೆಯಾಗುತ್ತಿದೆ ಎಂಬ ಕಾರಣಕ್ಕೆ, ಬಾಣಂತಿಯರ ಜೀವ ಉಳಿಸುವ ಔಷಧವೊಂದರ ತಯಾರಿಕೆಯನ್ನು ಇಡೀ ದೇಶದಲ್ಲಿ ಒಂದೇ ಒಂದು ಕಂಪನಿಗೆ ಸೀಮಿತಗೊಳಿಸಲು ಕೇಂದ್ರ ಸರ್ಕಾರ ಹೊರಟಿತು. ಆ ಕಂಪನಿ ಬೆಂಗಳೂರಿನದು.

ಔಷಧದ ಹೆಸರು ಆಕ್ಸಿಟೋಸಿನ್. ಅದರ ಸುತ್ತಲಿನ ವಾದವನ್ನು ತೂಗಿ ನೋಡಬೇಕಾದರೆ ಮೊದಲು ಮೆದುಳಿನ ತಳದಲ್ಲಿ, ಮೂಳೆಯ ಗುಳಿಯೊಂದರಲ್ಲಿ ಕುಳಿತಿರುವ, ಕಡಲೆಕಾಳಿನಷ್ಟು ದೊಡ್ಡದಾದ ಪಿಟ್ಯುಟರಿ ಗ್ರಂಥಿಯತ್ತ ತಿರುಗಬೇಕು. ಅದರ ಮುಂದಿನ ಭಾಗ ಬೆಳವಣಿಗೆಯ ಹಾರ್ಮೋನನ್ನೂ ಹಾಲು ಉತ್ಪಾದನೆಗೆ ಕಾರಣವಾಗುವ ಪ್ರೊಲ್ಯಾಕ್ಟಿನ್ ಹಾರ್ಮೋನನ್ನೂ ತಯಾರಿಸುತ್ತದೆ. ಹಿಂದಿನ ಭಾಗ ತಾನಾಗಿ ಏನನ್ನೂ ತಯಾರಿಸುವುದಿಲ್ಲ. ಮೇಲಿರುವ, ಮೆದುಳಿನದೇ ಭಾಗವಾದ ಹೈಪೋಥಲಾಮಸ್‌ನ ನರಕೋಶಗಳು ಉಂಟುಮಾಡಿದ ಆಕ್ಸಿಟೋಸಿನ್ ಇಲ್ಲಿಗೆ ಬಂದು ಸಂಗ್ರಹವಾಗಿದ್ದು, ಕರೆ ಬಂದಾಗ ರಕ್ತಕ್ಕೆ ಸೇರುತ್ತದೆ. ಬೆಳವಣಿಗೆಯ ಹಾರ್ಮೋನು ಪ್ರೋಟೀನಿನ ಕೊಂಡಿಗಳಾದ 191 ಅಮೈನೋ ಆಮ್ಲಗಳ ಉದ್ದನೆಯ ಸರಪಳಿ, ಪ್ರೊಲ್ಯಾಕ್ಟಿನ್ 199ರದ್ದು. ಆಕ್ಸಿಟೋಸಿನ್‌ನಲ್ಲಿರುವುದು ಬರೀ ಒಂಬತ್ತು.

ಮೊದಲಿನ ಎರಡೂ ಒಂದೇ ವಂಶದವು. ಬಹು ಹಿಂದಿನ ಒಂದು ಜೀನ್ ಕವಲೊಡೆದು ಇವೆರಡೂ, ಗರ್ಭಿಣಿಯ ಮಾಸು ತಯಾರಿಸುವ ಲ್ಯಾಕ್ಟೋಜೆನ್ ಎಂಬ ಹಾರ್ಮೋನೂ ಹುಟ್ಟಿಕೊಂಡವು. ಮನುಷ್ಯರ ಬೆಳವಣಿಗೆಯ ಹಾರ್ಮೋನು ಸ್ವಲ್ಪ ಮಟ್ಟಿಗೆ ಹಾಲು ಉತ್ಪಾದನೆಯನ್ನೂ ಪ್ರಚೋದಿಸಬಲ್ಲದು. ಇದೇ ಕಾರಣಕ್ಕೆ ಮನುಷ್ಯರಲ್ಲಿ ಪ್ರೊಲ್ಯಾಕ್ಟಿನ್ ಎಂಬ ಪ್ರತ್ಯೇಕ ಹಾರ್ಮೋನು ಇದೆಯೇ ಎಂಬ ಪ್ರಶ್ನೆ ಬಹುಕಾಲ ಬಗೆಹರಿಯದೆ ಉಳಿದಿತ್ತು; 1970ರ ಆಸುಪಾಸಿನಲ್ಲಿ ಮಾತ್ರ ಅದು ಬೇರೆಯೇ ಎಂಬುದು ಖಚಿತವಾಯಿತು. ಬೆಳವಣಿಗೆ ಮತ್ತು ಹಾಲು ಜನರ ಮಾತಿನಲ್ಲಿ ಒಂದಾಗಿ ಬೆರೆತಿರುವುದು ಆಶ್ಚರ್ಯವಲ್ಲ, ಪ್ರಯೋಗಾಲಯದಲ್ಲೂ ಅವು ಅಷ್ಟು ಸುಲಭವಾಗಿ ಬೇರ್ಪಡಲಿಲ್ಲ.

ಮಗುವಿನ ಎತ್ತರದ ಲೆಕ್ಕ ಹೀಗಿದೆ. ಹೈಪೋಥಲಾಮಸ್‌ನಿಂದ ಬರುವ ಒಂದು ಸಂದೇಶ ಬೆಳವಣಿಗೆಯ ಹಾರ್ಮೋನನ್ನು ಬಿಡುಗಡೆ ಮಾಡಿಸುತ್ತದೆ, ಸೊಮ್ಯಾಟೊಸ್ಟ್ಯಾಟಿನ್ ಎಂಬ ಇನ್ನೊಂದು ಅದನ್ನು ತಡೆಯುತ್ತದೆ. ಈ ಎಳೆದಾಟದಿಂದಾಗಿ ಹಾರ್ಮೋನು ದಿನವಿಡೀ ಒಂದೇ ಸಮನೆ ಹರಿಯದೆ ಅಲೆ ಅಲೆಯಾಗಿ ಬರುತ್ತದೆ. ದೊಡ್ಡ ಅಲೆ ಏಳುವುದು ಮಗು ಗಾಢ ನಿದ್ರೆಗೆ ಜಾರಿದ ಮೊದಲ ಗಂಟೆಗಳಲ್ಲಿ. ಹಾರ್ಮೋನು ಯಕೃತ್ತನ್ನು ತಲುಪಿದಾಗ ಅಲ್ಲಿ ಐಜಿಎಫ್-1 ಎಂಬ ಮತ್ತೊಂದು ಸಂದೇಶವಾಹಕ ತಯಾರಾಗುತ್ತದೆ. ಉದ್ದನೆಯ ಮೂಳೆಗಳ ತುದಿಯಲ್ಲಿರುವ ಮೃದ್ವಸ್ಥಿಯ ತೆಳುಪದರವನ್ನು ಇವೆರಡೂ ಸೇರಿ ಬೆಳೆಸುತ್ತವೆ. ಮಗುವಿಗೆ ಸಾಕಷ್ಟು ಊಟ ಸಿಗದಿದ್ದರೆ ಬೆಳವಣಿಗೆಯ ಹಾರ್ಮೋನು ಹೇರಳವಾಗಿದ್ದರೂ ಯಕೃತ್ತು ಐಜಿಎಫ್-1 ತಯಾರಿಸುವುದನ್ನು ಕಡಿಮೆ ಮಾಡುತ್ತದೆ. ಹೊಟ್ಟೆಗಿಲ್ಲದ ಮಕ್ಕಳು ಕುಳ್ಳಗಾಗುವುದಕ್ಕೆ ಇದು ಒಂದು ಮುಖ್ಯ ಕಾರಣ.

ಹಸುವಿನಿಂದ ಬರುವ ಹಾರ್ಮೋನು ಮಗುವನ್ನು ಬೆಳೆಸಬಲ್ಲದೇ ಎಂಬ ಪ್ರಶ್ನೆಗೆ ವೈದ್ಯಕೀಯ ಇತಿಹಾಸದಲ್ಲಿ ನೇರ ಉತ್ತರವಿದೆ. ಕುಬ್ಜತೆಯ ಚಿಕಿತ್ಸೆಗೆಂದು ದನದ ಪಿಟ್ಯುಟರಿಯಿಂದ ತೆಗೆದ ಬೆಳವಣಿಗೆಯ ಹಾರ್ಮೋನನ್ನು ವೈದ್ಯರು ಮನುಷ್ಯರಿಗೆ ಚುಚ್ಚಿ ನೋಡಿದರು, ಫಲ ಸಿಗಲಿಲ್ಲ. ನಮ್ಮ ಜೀವಕೋಶಗಳ ಗ್ರಾಹಕಗಳು ಅದನ್ನು ಗುರುತಿಸುವುದೇ ಇಲ್ಲ. 1958ರಲ್ಲಿ ಅಮೆರಿಕದ ಮಾರಿಸ್ ರಾಬೆನ್ ಮೃತ ಮನುಷ್ಯರ ಪಿಟ್ಯುಟರಿಯಿಂದ ತೆಗೆದ ಹಾರ್ಮೋನನ್ನು 17 ವರ್ಷದ ಹುಡುಗನಿಗೆ ಕೊಟ್ಟು ಅವನು ಎತ್ತರಕ್ಕೆ ಬೆಳೆದದ್ದನ್ನು ವರದಿ ಮಾಡಿದಾಗಲೇ ಚಿಕಿತ್ಸೆಯ ದಾರಿ ತೆರೆದದ್ದು. ಆ ದಾರಿಗೂ ಕಂಟಕ ಬಂತು. ಹಾಗೆ ಚಿಕಿತ್ಸೆ ಪಡೆದ ಕೆಲವರು ಕ್ರಾಯ್ಟ್ಸ್‌ಫೆಲ್ಟ್-ಯಾಕೊಬ್ ಎಂಬ ಮಾರಕ ಮೆದುಳಿನ ಕಾಯಿಲೆಗೆ ಬಲಿಯಾದದ್ದು 1985ರಲ್ಲಿ ಬೆಳಕಿಗೆ ಬಂದು, ಮೃತದೇಹದ ಹಾರ್ಮೋನಿನ ಬಳಕೆ ನಿಂತಿತು. ಅದೇ ವರ್ಷ ಬ್ಯಾಕ್ಟೀರಿಯಾಗಳಿಂದ ತಯಾರಿಸಿದ ಮಾನವ ಹಾರ್ಮೋನಿಗೆ ಅಮೆರಿಕದಲ್ಲಿ ಅನುಮತಿ ದೊರೆಯಿತು. ದನದ ಹಾರ್ಮೋನು ನೇರವಾಗಿ ಚುಚ್ಚಿದರೂ ಕೆಲಸ ಮಾಡುವುದಿಲ್ಲ ಎಂದಮೇಲೆ, ಹಾಲಿನ ಲೋಟದ ಮೂಲಕ ಹೊಟ್ಟೆಗೆ ಹೋದದ್ದು ಮೂಳೆಯನ್ನು ಮುಟ್ಟುವ ಮಾತೇ ಇಲ್ಲ.

ಹೊಟ್ಟೆಯ ವಿಷಯವನ್ನು ಇನ್ನಷ್ಟು ಬಿಡಿಸಿ ಹೇಳಬೇಕು, ಏಕೆಂದರೆ ಗೊಂದಲದ ಬೇರು ಇಲ್ಲಿದೆ. ಸಕ್ಕರೆ ಕಾಯಿಲೆಯವರು ಇನ್ಸುಲಿನ್ ಅನ್ನು ಏಕೆ ನುಂಗದೆ ಚುಚ್ಚಿಕೊಳ್ಳುತ್ತಾರೆ ಎಂಬುದು ಎಲ್ಲರಿಗೂ ಗೊತ್ತು: ಅದು ಪ್ರೋಟೀನು, ಬಾಯಿಯಿಂದ ತೆಗೆದುಕೊಂಡರೆ ಬೇಳೆಯಂತೆ, ಮೊಟ್ಟೆಯಂತೆ ಜೀರ್ಣವಾಗಿಹೋಗುತ್ತದೆ. ಬೆಳವಣಿಗೆಯ ಹಾರ್ಮೋನು, ಪ್ರೊಲ್ಯಾಕ್ಟಿನ್, ಆಕ್ಸಿಟೋಸಿನ್ ಮೂರೂ ಇದೇ ಜಾತಿಯವು. ಆಕ್ಸಿಟೋಸಿನ್ ರಕ್ತದಲ್ಲಿ ಕೂಡ ಕೆಲವೇ ನಿಮಿಷಗಳಲ್ಲಿ ಅರ್ಧಕ್ಕೆ ಇಳಿಯುತ್ತದೆ. ಹೆರಿಗೆ ಕೋಣೆಯಲ್ಲಿ ಅದನ್ನು ಡ್ರಿಪ್ ಮೂಲಕ ಹನಿ ಹನಿಯಾಗಿ ಕೊಡುತ್ತಿರಬೇಕಾಗುವುದು ಇದೇ ಕಾರಣಕ್ಕೆ. ಇನ್ನು, ಅದು ಲೈಂಗಿಕ ಹಾರ್ಮೋನೇ ಅಲ್ಲ. ಸ್ತನ ಬೆಳೆಸುವ, ಮುಟ್ಟು ತರಿಸುವ ಗುಣ ಅದಕ್ಕಿಲ್ಲ. ಎತ್ತರ ಹೆಚ್ಚಿಸುತ್ತೇವೆಂದು ಹಾರ್ಮೋನಿನ ಹೆಸರು ಹೇಳಿ ಪುಡಿ, ಮಾತ್ರೆ ಮಾರುವವರ ಜಾಹೀರಾತನ್ನು ನಂಬಿ ಹಣ ಕಳೆದುಕೊಳ್ಳುವ ತಂದೆತಾಯಿಗಳೂ ಈ ಒಂದು ಸಂಗತಿಯನ್ನು ತಿಳಿದಿದ್ದರೆ ಸಾಕು.

ಹಾಲಿನಲ್ಲಿ ಹಾರ್ಮೋನೇ ಇಲ್ಲ ಎಂದು ಇದರ ಅರ್ಥವಲ್ಲ. ಹೆಣ್ಣಿನ ಲೈಂಗಿಕ ಹಾರ್ಮೋನುಗಳಾದ ಈಸ್ಟ್ರೋಜನ್, ಪ್ರೊಜೆಸ್ಟರಾನ್‌ನಂಥ ಸ್ಟೀರಾಯ್ಡ್ ಹಾರ್ಮೋನುಗಳು ಕೊಬ್ಬಿನಲ್ಲಿ ಕರಗುವಂಥವು, ಗರ್ಭನಿರೋಧಕ ಮಾತ್ರೆಗಳು ಕೆಲಸ ಮಾಡುವುದರಿಂದಲೇ ತಿಳಿಯುವಂತೆ ಈ ಬಗೆಯವು ಹೊಟ್ಟೆಯಿಂದ ರಕ್ತಕ್ಕೆ ಹೋಗಬಲ್ಲವು. ಗಬ್ಬದ ಹಸುವಿನ ಹಾಲಿನಲ್ಲಿ ಅವು ಸಹಜವಾಗಿಯೇ ತುಸು ಹೆಚ್ಚು. ಆದರೆ ಅವುಗಳ ಪ್ರಮಾಣ ಅತ್ಯಲ್ಪ, ಅವು ಯಾವ ಇಂಜೆಕ್ಷನ್ನಿನಿಂದಲೂ ಬಂದವಲ್ಲ, ಇಂಜೆಕ್ಷನ್ ನಿಲ್ಲಿಸಿದರೆ ಹೋಗುವವೂ ಅಲ್ಲ. ಸಂಶೋಧನೆಗೆ ಯೋಗ್ಯವಾದ ಪ್ರಶ್ನೆ ಏನಾದರೂ ಇದ್ದರೆ ಅದು ಇಲ್ಲಿದೆ, ಆಕ್ಸಿಟೋಸಿನ್‌ನಲ್ಲಿ ಅಲ್ಲ.

ಹಾಗಾದರೆ ಹೆಣ್ಣುಮಕ್ಕಳು ಹಿಂದಿಗಿಂತ ಬೇಗ ಮೈನೆರೆಯುತ್ತಿರುವುದು ಸುಳ್ಳೇ? ಸುಳ್ಳಲ್ಲ. ಅಮೆರಿಕದಲ್ಲಿ ಸುಮಾರು 17,000 ಬಾಲಕಿಯರನ್ನು ಪರೀಕ್ಷಿಸಿ 1997ರಲ್ಲಿ ಪ್ರಕಟವಾದ ಅಧ್ಯಯನವೇ ಸ್ತನ ಬೆಳವಣಿಗೆಯ ವಯಸ್ಸು ಪಠ್ಯಪುಸ್ತಕಗಳಲ್ಲಿ ಇದ್ದುದಕ್ಕಿಂತ ಮುಂಚಿತವಾಗಿರುವುದನ್ನು ತೋರಿಸಿತ್ತು. ಹೈಪೋಥಲಾಮಸ್‌ನಿಂದ ಜಿಎನ್‌ಆರ್‌ಎಚ್ ಎಂಬ ಹಾರ್ಮೋನು ಮಿಡಿತದಂತೆ ಬರತೊಡಗಿದಾಗ ಪಿಟ್ಯುಟರಿ ಅಂಡಾಶಯಗಳನ್ನು ಎಚ್ಚರಿಸುತ್ತದೆ, ಆಗ ಈಸ್ಟ್ರೋಜನ್ ಹುಟ್ಟುತ್ತದೆ. ಆ ಮಿಡಿತ ಶುರುವಾಗಲು ದೇಹದಲ್ಲಿ ಸಾಕಷ್ಟು ಕೊಬ್ಬು ಸಂಗ್ರಹವಾಗಿದೆ ಎಂಬ ಸೂಚನೆ ಬೇಕು. ಕೊಬ್ಬಿನ ಕೋಶಗಳು ತಯಾರಿಸುವ ಲೆಪ್ಟಿನ್ ಆ ಸೂಚನೆಯನ್ನು ಒಯ್ಯುತ್ತದೆ. ಉತ್ತಮ ಪೋಷಣೆಯಿಂದ ಋತುಮತಿಯಾಗುವ ವಯಸ್ಸು ತುಸು ಇಳಿಯುವುದು ಸಹಜ. ಆದರೆ ಬಾಲ್ಯದ ಬೊಜ್ಜು ಅದನ್ನು ಮತ್ತಷ್ಟು ಕೆಳಗೆಳೆಯುತ್ತದೆ. ನಮ್ಮ ನಗರಗಳ ಮಕ್ಕಳು ಆಟದ ಬಯಲು ಕಳೆದುಕೊಂಡು, ಕುರುಕಲು ತಿಂಡಿಯ ಪೊಟ್ಟಣ ಹಿಡಿದು ಕೂತಿರುವುದನ್ನು ಬಿಟ್ಟು ಹಾಲಿನ ಲೋಟವನ್ನು ಮಾತ್ರ ದೂರುವುದು ನನಗೆ ನೋವಿನ ವಿಷಯವಾಗಿ ಕಾಣುತ್ತದೆ.

ಬೇಗ ಮೈನೆರೆಯುವುದಕ್ಕೂ ಎತ್ತರಕ್ಕೂ ನಂಟಿದೆ, ಅದು ಜನ ಭಾವಿಸುವುದಕ್ಕೆ ವಿರುದ್ಧವಾಗಿದೆ. ಈಸ್ಟ್ರೋಜನ್ ಮೊದಲು ಬೆಳವಣಿಗೆಯನ್ನು ಚುರುಕುಗೊಳಿಸಿ, ಆಮೇಲೆ ಮೂಳೆಯ ತುದಿಯ ಮೃದ್ವಸ್ಥಿಯನ್ನು ಮುಚ್ಚಿಬಿಡುತ್ತದೆ. ಗಂಡಸರಲ್ಲೂ ಈ ಬಾಗಿಲು ಮುಚ್ಚುವುದು ಈಸ್ಟ್ರೋಜನ್ನೇ ಎಂಬುದು 1994ರಲ್ಲಿ ವರದಿಯಾದ ಒಬ್ಬ ವ್ಯಕ್ತಿಯಿಂದ ಸ್ಪಷ್ಟವಾಯಿತು: ಅವನ ದೇಹ ಈಸ್ಟ್ರೋಜನ್ನಿಗೆ ಸ್ಪಂದಿಸುತ್ತಿರಲಿಲ್ಲ, 28ನೇ ವಯಸ್ಸಿನಲ್ಲಿ 204 ಸೆಂಟಿಮೀಟರ್ ಎತ್ತರವಿದ್ದು ಇನ್ನೂ ಬೆಳೆಯುತ್ತಿದ್ದ. ಹಾಗಾಗಿ ತರಗತಿಯಲ್ಲಿ ಎಲ್ಲರಿಗಿಂತ ಮೊದಲು ಎತ್ತರವಾದ ಏಳೆಂಟು ವರ್ಷದ ಹುಡುಗಿ ಕೊನೆಗೆ ಕುಳ್ಳಗೆ ಉಳಿಯಬಹುದು. ಎಂಟರೊಳಗೆ ಸ್ತನ ಬೆಳವಣಿಗೆ ಕಂಡರೆ ಹಾಲು ನಿಲ್ಲಿಸಿ ಕಾಯುತ್ತ ಕೂರದೆ ಮಕ್ಕಳ ವೈದ್ಯರ ಬಳಿ ಕರೆದೊಯ್ಯಬೇಕು, ಏಕೆಂದರೆ ಅಗತ್ಯವಿದ್ದವರಿಗೆ ಅದನ್ನು ತಡೆಹಿಡಿಯುವ ಚಿಕಿತ್ಸೆಯಿದೆ, ತಡವಾದಷ್ಟೂ ಅದರ ಪ್ರಯೋಜನ ಕಡಿಮೆ.

ಈಗ ಹಾಲಿನ ಕಡೆಗೆ. ಬಸುರಿಯ ಸ್ತನಗಳು ತಿಂಗಳುಗಟ್ಟಲೆ ಸಿದ್ಧವಾಗುತ್ತಿದ್ದರೂ ಹೇರಳವಾಗಿ ಹಾಲು ಬರದಂತೆ ತಡೆದಿಟ್ಟಿರುವುದು ಮಾಸಿನಿಂದ ಬರುವ ಪ್ರೊಜೆಸ್ಟರಾನ್. ಹೆರಿಗೆಯಾಗಿ ಮಾಸು ಬಿದ್ದೊಡನೆ ಅದರ ಮಟ್ಟ ಕುಸಿಯುತ್ತದೆ, ಪ್ರೊಲ್ಯಾಕ್ಟಿನ್‌ಗೆ ದಾರಿ ಬಿಡುಗಡೆಯಾಗುತ್ತದೆ, ಎರಡು ಮೂರು ದಿನಗಳಲ್ಲಿ ಎದೆ ತುಂಬುತ್ತದೆ. ಮಾಸಿನ ತುಣುಕು ಒಳಗೇ ಉಳಿದರೆ ಹಾಲು ತಡವಾಗುವುದು ಇದರಿಂದಲೇ. ಪಿಟ್ಯುಟರಿಯ ಇತರ ಹಾರ್ಮೋನುಗಳಿಗೆ ಮೆದುಳು ಮುಖ್ಯವಾಗಿ "ಹೋಗು" ಎಂದು ಅಪ್ಪಣೆ ಕೊಟ್ಟರೆ, ಪ್ರೊಲ್ಯಾಕ್ಟಿನ್ ಅನ್ನು ಮಾತ್ರ ಡೋಪಮೀನ್ ಎಂಬ ರಾಸಾಯನಿಕದ ಮೂಲಕ ಸದಾ ಅದುಮಿಟ್ಟಿರುತ್ತದೆ. ಮಗು ಮೊಲೆಗೆ ಬಾಯಿ ಹಾಕಿದಾಗ ಆ ಹಿಡಿತ ಸಡಿಲುತ್ತದೆ. ಅಂದರೆ ಈಗ ಚೀಪಿದ್ದರಿಂದ ಏರಿದ ಪ್ರೊಲ್ಯಾಕ್ಟಿನ್ ಮುಂದಿನ ಹೊತ್ತಿನ ಹಾಲನ್ನು ಸಿದ್ಧಪಡಿಸುತ್ತದೆ. ಈಗಾಗಲೇ ಸಿದ್ಧವಾಗಿರುವ ಹಾಲನ್ನು ಹೊರಗೆ ತಳ್ಳುವ ಕೆಲಸ ಆಕ್ಸಿಟೋಸಿನ್‌ದು. ಹಾಲಿನ ಗೂಡುಗಳ ಸುತ್ತ ಹೆಣೆದುಕೊಂಡಿರುವ ಸ್ನಾಯುವಿನಂಥ ಕೋಶಗಳನ್ನು ಅದು ಹಿಂಡುತ್ತದೆ. ಮಗುವಿನ ಅಳು ಕೇಳಿದೊಡನೆ ಎದೆ ತೊರೆಯುವುದು, ಭಯ ನೋವುಗಳಲ್ಲಿ ಹಾಲು ಇಳಿಯದಿರುವುದು ಎರಡೂ ಈ ಹಾರ್ಮೋನಿನ ನಡೆಯೇ.

ಬಾಣಂತಿಗೆ ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ, ಮೆಂತ್ಯ ಕೊಡುವ ನಮ್ಮ ಮನೆಗಳ ಕಾಳಜಿ ದೊಡ್ಡದು. ಆದರೆ ಎದೆಯಲ್ಲಿ ಹಾಲು ಉಳಿದಷ್ಟೂ ಉತ್ಪಾದನೆ ಕುಗ್ಗುತ್ತದೆ, ಖಾಲಿಯಾದಷ್ಟೂ ಹೆಚ್ಚುತ್ತದೆ ಎಂಬ ನಿಯಮವನ್ನು ಯಾವ ಸೊಪ್ಪೂ ಬದಲಿಸಲಾರದು. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಶೇ. 88.6ರಷ್ಟು ಹೆರಿಗೆಗಳು ಆಸ್ಪತ್ರೆಗಳಲ್ಲಿ ಆಗುತ್ತಿದ್ದರೂ, ಹುಟ್ಟಿದ ಒಂದು ಗಂಟೆಯೊಳಗೆ ತಾಯಿಹಾಲು ಸಿಕ್ಕ ಮಕ್ಕಳು ಶೇ. 41.8 ಮಾತ್ರ. ಆ ಮೊದಲ ಗಂಟೆಯಲ್ಲಿ ಮಗು ಚೀಪಿದಾಗ ಹೊಮ್ಮುವ ಆಕ್ಸಿಟೋಸಿನ್ ಹಾಲಿಳಿಸುವುದರ ಜೊತೆಗೆ ಗರ್ಭಕೋಶವನ್ನೂ ಸಂಕುಚಿಸುತ್ತದೆ. ಪಿಟ್ಯುಟರಿಯ ಸಾರ ಗರ್ಭಕೋಶವನ್ನು ಹಿಂಡುತ್ತದೆ ಎಂಬುದನ್ನು ಹೆನ್ರಿ ಡೇಲ್ ಗಮನಿಸಿದ್ದು 1906ರಲ್ಲಿ; ವಿನ್ಸೆಂಟ್ ಡು ವಿನ್ಯೋ ಆಕ್ಸಿಟೋಸಿನ್ ಅನ್ನು ಪ್ರಯೋಗಾಲಯದಲ್ಲಿ ತಯಾರಿಸಿ 1955ರ ರಸಾಯನಶಾಸ್ತ್ರದ ನೊಬೆಲ್ ಪಡೆದರು.

ಹಸು, ಎಮ್ಮೆಗಳಲ್ಲೂ ಇದೇ ಹಾರ್ಮೋನು, ಇದೇ ಒಂಬತ್ತು ಕೊಂಡಿಗಳು. ಕರು ಗುದ್ದಿದಾಗ, ಕೆಚ್ಚಲು ತೊಳೆದಾಗ ಅದು ಹರಿದು ಹಸು ಸೊರ ಬಿಡುತ್ತದೆ. ಸೀಮೆ ಹಸುವಿನ ಕೆಚ್ಚಲಿನ ಬುಡದ ಚೀಲದಲ್ಲಿ ಹಾಲಿನ ಸುಮಾರು ಐದನೇ ಒಂದು ಪಾಲು ಆಗಲೇ ಇಳಿದು ನಿಂತಿರುತ್ತದೆ. ಎಮ್ಮೆಯಲ್ಲಿ ಅದು ಇಪ್ಪತ್ತನೇ ಒಂದು ಪಾಲಿನಷ್ಟು ಮಾತ್ರ. ಆದ್ದರಿಂದ ಕರು ಸತ್ತ ಎಮ್ಮೆ ಸೊರ ಬಿಡದಿದ್ದರೆ ಕರೆಯುವವನ ಕೈಗೆ ಹೆಚ್ಚೇನೂ ಬರುವುದಿಲ್ಲ. ಗಂಡು ಕರುವನ್ನು ನಿರ್ಲಕ್ಷಿಸಿ ಸಾಯಲು ಬಿಡುವ ನಗರದ ಡೇರಿಗಳಲ್ಲಿ ಇಂಜೆಕ್ಷನ್ ಬಳಕೆ ಬೇರೂರಿದ್ದು ಹೀಗೆ. ಅದು ಹೊಸ ಹಾಲನ್ನು ಉತ್ಪಾದಿಸುವುದಿಲ್ಲ, ಇದ್ದುದನ್ನು ಬಲವಂತವಾಗಿ ಇಳಿಸುತ್ತದೆ. ದಿನವೂ ಚುಚ್ಚಿಸಿಕೊಂಡ ಪ್ರಾಣಿ ಇಂಜೆಕ್ಷನ್ ಇಲ್ಲದೆ ಸೊರ ಬಿಡುವುದನ್ನೇ ಮರೆಯುತ್ತದೆ. ಚೀಟಿಯಿಲ್ಲದ ಬಾಟಲಿಗಳಲ್ಲಿ ಕಳ್ಳಮಾರ್ಗದಲ್ಲಿ ಮಾರಾಟವಾಗುವ ದ್ರವದ ಶುದ್ಧತೆಗೆ ಯಾರೂ ಹೊಣೆಯಲ್ಲ.

ಈ ಕ್ರೌರ್ಯಕ್ಕೆ ಆಕ್ಸಿಟೋಸಿನ್‌ಗಿಂತ ಹಳೆಯ ರೂಪವೊಂದಿದೆ. ಹಾಲು ಬಿಡದ ಹಸು ಎಮ್ಮೆಗಳ ಯೋನಿಗೆ ಗಾಳಿ ಊದುವ ಫೂಕಾ ಎಂಬ ಪದ್ಧತಿಯ ಬಗ್ಗೆ ತಿಳಿದು ಗಾಂಧೀಜಿ ಹಾಲನ್ನೇ ತ್ಯಜಿಸಿದರು. ಮುಂದೆ ಕಾಯಿಲೆಯಿಂದ ಬಳಲುತ್ತಿದ್ದಾಗ, ಮೇಕೆಯ ಹಾಲಿಗೆ ಆ ಅಡ್ಡಿಯಿಲ್ಲವಲ್ಲ ಎಂದು ಕಸ್ತೂರಬಾ ಸೂಚಿಸಿದ ನಂತರ ಅದನ್ನು ಕುಡಿದರು. ಆ ಹಿಂಸೆಯಿಂದ ಹಾಲು ಬರುತ್ತಿದ್ದುದಕ್ಕೂ ಕಾರಣ ಆಕ್ಸಿಟೋಸಿನ್ನೇ: ಜನನಾಂಗ ಹಿಗ್ಗಿದಾಗ ಕರು ಹೊರಬರುತ್ತಿದೆ ಎಂದು ಭಾವಿಸಿ ಮೆದುಳು ಅದನ್ನು ಬಿಡುಗಡೆ ಮಾಡುತ್ತದೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 12ನೇ ಸೆಕ್ಷನ್ ಫೂಕಾವನ್ನೂ, ಹಾಲು ಹೆಚ್ಚಿಸಲು ಪ್ರಾಣಿಯ ಆರೋಗ್ಯಕ್ಕೆ ಹಾನಿಕರವಾದ ವಸ್ತುವನ್ನು ಚುಚ್ಚುವುದನ್ನೂ ಒಂದೇ ಉಸಿರಿನಲ್ಲಿ ನಿಷೇಧಿಸಿ, ಎರಡು ವರ್ಷದವರೆಗೆ ಸೆರೆವಾಸ ಅಥವಾ ಸಾವಿರ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸುತ್ತದೆ.

ಕಾನೂನು ಇದ್ದರೂ ಜಾರಿಯಾಗಲಿಲ್ಲ. 2016ರ ಮಾರ್ಚ್‌ನಲ್ಲಿ ಹಿಮಾಚಲ ಪ್ರದೇಶ ಹೈಕೋರ್ಟ್ ಈ ದುರ್ಬಳಕೆಯನ್ನು ವಿಚಾರಿಸಿ, ಔಷಧದ ತಯಾರಿಕೆಯನ್ನು ಸರ್ಕಾರಿ ವಲಯಕ್ಕೆ ಸೀಮಿತಗೊಳಿಸಲು ಸಾಧ್ಯವೇ ಎಂದು ಪರಿಶೀಲಿಸುವಂತೆ ಸೂಚಿಸಿತು. 2018ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಆಕ್ಸಿಟೋಸಿನ್‌ನ ಆಮದನ್ನು ನಿಷೇಧಿಸಿ, ದೇಶದೊಳಗಿನ ಬಳಕೆಗಾಗಿ ಖಾಸಗಿ ಕಂಪನಿಗಳು ಅದನ್ನು ತಯಾರಿಸದಂತೆ ಅಧಿಸೂಚನೆ ಹೊರಡಿಸಿತು. ಉಳಿದದ್ದು ಬೆಂಗಳೂರಿನ ಸಾರ್ವಜನಿಕ ವಲಯದ ಕರ್ನಾಟಕ ಆಂಟಿಬಯೋಟಿಕ್ಸ್ ಅಂಡ್ ಫಾರ್ಮಾಸ್ಯುಟಿಕಲ್ಸ್ ಒಂದೇ. ಅದಾದರೋ ಈ ಔಷಧದ ಉತ್ಪಾದನೆಗೆ ಕೈಹಾಕಿದ್ದು ಅದೇ ವರ್ಷ. ಸಾರ್ವಜನಿಕ ವಲಯದ ಕಂಪನಿಯೊಂದು ಅಗತ್ಯ ಔಷಧ ತಯಾರಿಸುವುದು ಸಂತೋಷದ ಸಂಗತಿ. ಆದರೆ ಕೋಟ್ಯಂತರ ಹೆರಿಗೆಗಳಾಗುವ ದೇಶದಲ್ಲಿ ಒಂದು ಕಾರ್ಖಾನೆಯ ಯಂತ್ರ ಕೆಟ್ಟರೆ ಅದರ ಪರಿಣಾಮ ದೂರದ ತಾಲ್ಲೂಕು ಆಸ್ಪತ್ರೆಯ ಹೆರಿಗೆ ಕೋಣೆಗೆ ತಟ್ಟುತ್ತದೆ. ಔಷಧ ಕಂಪನಿಗಳೂ ಅಖಿಲ ಭಾರತ ಡ್ರಗ್ ಆಕ್ಷನ್ ನೆಟ್‌ವರ್ಕ್ ಸಂಘಟನೆಯೂ ದೆಹಲಿ ಹೈಕೋರ್ಟ್ ಮೊರೆಹೋದವು. 2018ರ ಡಿಸೆಂಬರ್ 14ರಂದು ನ್ಯಾಯಾಲಯ ಅಧಿಸೂಚನೆಯನ್ನು ರದ್ದುಪಡಿಸಿತು. ನಿರ್ಧಾರಕ್ಕೆ ವೈಜ್ಞಾನಿಕ ಆಧಾರವಿಲ್ಲ, ಗರ್ಭಿಣಿಯರಿಗೂ ಬಾಣಂತಿಯರಿಗೂ ಆಗಬಹುದಾದ ಅಪಾಯವನ್ನು ಸರ್ಕಾರ ತೂಗಿ ನೋಡಿಲ್ಲ ಎಂಬುದು ತೀರ್ಪಿನ ಸಾರ. ಮೇಲ್ಮನವಿಯನ್ನು ಸುಪ್ರೀಂ ಕೋರ್ಟ್ 2019ರಲ್ಲಿ ವಿಸ್ತೃತ ಪೀಠಕ್ಕೆ ಒಪ್ಪಿಸಿತು.

ಆ ಅಪಾಯ ಎಷ್ಟು ದೊಡ್ಡದು? ಹೆರಿಗೆಯ ನಂತರ ಗರ್ಭಕೋಶ ಬಿಗಿಯಾಗಿ ಸಂಕುಚಿಸದಿದ್ದರೆ ಮಾಸು ಅಂಟಿದ್ದ ಜಾಗದ ರಕ್ತನಾಳಗಳು ತೆರೆದೇ ಇರುತ್ತವೆ, ನಿಮಿಷಗಳಲ್ಲಿ ಲೀಟರ್ ಗಟ್ಟಲೆ ರಕ್ತ ಹೋಗಬಹುದು. ಭಾರತದ ತಾಯಂದಿರ ಸಾವುಗಳಿಗೆ ರಕ್ತಸ್ರಾವ ಪ್ರಮುಖ ಕಾರಣ. ಮಗು ಹೊರಬಂದ ಕೂಡಲೇ ಪ್ರತಿಯೊಬ್ಬ ತಾಯಿಗೂ 10 ಯೂನಿಟ್ ಆಕ್ಸಿಟೋಸಿನ್ ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಇದಕ್ಕಾಗಿ. ಬದುಕುಳಿದವರೂ ಕೆಲವೊಮ್ಮೆ ಬೇರೆಯೇ ಬೆಲೆ ತೆರುತ್ತಾರೆ. ಬಸುರಿನಲ್ಲಿ ಪಿಟ್ಯುಟರಿ ಗ್ರಂಥಿ ಪ್ರೊಲ್ಯಾಕ್ಟಿನ್ ತಯಾರಿಸುವ ಕೋಶಗಳಿಂದ ದಪ್ಪಗಾಗಿರುತ್ತದೆ, ಅದಕ್ಕೆ ಹೆಚ್ಚು ರಕ್ತ ಬೇಕು. ವಿಪರೀತ ರಕ್ತಸ್ರಾವದಿಂದ ರಕ್ತದೊತ್ತಡ ಕುಸಿದರೆ ಆ ಗ್ರಂಥಿಯೇ ಸಾಯುತ್ತದೆ. 1937ರಲ್ಲಿ ಹೆರಾಲ್ಡ್ ಶೀಹನ್ ವಿವರಿಸಿದ ಈ ಸ್ಥಿತಿಯ ಮೊದಲ ಲಕ್ಷಣ, ತಾಯಿಗೆ ಹಾಲೇ ಬರದಿರುವುದು. ನಂತರ ಮುಟ್ಟು ನಿಲ್ಲುತ್ತದೆ, ಸದಾ ಸುಸ್ತು, ಚಳಿ ಕಾಡುತ್ತದೆ, ಬೆಳವಣಿಗೆಯ ಹಾರ್ಮೋನೂ ಇಲ್ಲವಾಗುತ್ತದೆ. ಹಾಲಿಲ್ಲದ ನತದೃಷ್ಟೆ ಎಂದು ಮನೆಯವರಿಂದ ಮಾತು ಕೇಳಿದ ಎಷ್ಟೋ ಹೆಂಗಸರು ವರ್ಷಗಳ ನಂತರ ಕುಸಿದು ಬಿದ್ದು ಆಸ್ಪತ್ರೆ ಸೇರಿದಾಗ ಮಾತ್ರ ನಿಜ ಕಾರಣ ತಿಳಿಯುತ್ತದೆ. ಕಾಶ್ಮೀರದಲ್ಲಿ ನಡೆದ ಅಧ್ಯಯನವೊಂದು, ಹೆತ್ತ ತಾಯಂದಿರಲ್ಲಿ ಸುಮಾರು ಶೇ. 3ರಷ್ಟು ಮಂದಿಗೆ ಈ ಸ್ಥಿತಿ ಇರಬಹುದೆಂದು ಅಂದಾಜು ಮಾಡಿತ್ತು. ಹಾಲಿನ ವಿಷಯದಲ್ಲಿ ಹೆದರಿಕೆ ಹುಟ್ಟಿಸಿದ ಔಷಧವೇ ಅದೆಷ್ಟೋ ತಾಯಂದಿರ ಹಾಲನ್ನು ಉಳಿಸಿಕೊಡುತ್ತದೆ ಎಂಬುದನ್ನು ನಾನು ಒತ್ತಿ ಹೇಳಬಯಸುತ್ತೇನೆ.

ಪ್ರಾಣಿಯ ಮೇಲಿನ ಕ್ರೌರ್ಯ ಮತ್ತು ಮಾನವ ಆರೋಗ್ಯದ ಆತಂಕ, ಇವೆರಡನ್ನು ಬೇರ್ಪಡಿಸಿ ನೋಡಿದ ನಿದರ್ಶನವಿದೆ. ಹಾಲು ಹೆಚ್ಚಿಸಲು ಹಸುಗಳಿಗೆ ಕೊಡುವ ಕೃತಕ ಬೆಳವಣಿಗೆಯ ಹಾರ್ಮೋನಿಗೆ ಅಮೆರಿಕ 1993ರಲ್ಲಿ ಅನುಮತಿ ಕೊಟ್ಟಿತು. ಕೆನಡಾ 1999ರಲ್ಲಿ ನಿರಾಕರಿಸಿತು. ಮನುಷ್ಯರಿಗೆ ಗಮನಾರ್ಹ ಅಪಾಯ ಅಲ್ಲಿನ ತಜ್ಞರಿಗೆ ಕಂಡಿರಲಿಲ್ಲ. ಕೆಚ್ಚಲು ಬಾವು, ಕುಂಟುತನ ಹೆಚ್ಚಾಗಿ ಹಸು ನರಳುತ್ತದೆ ಎಂಬುದೇ ನಿರಾಕರಣೆಗೆ ಸಾಕಾದ ಕಾರಣವಾಗಿತ್ತು. ದೆಹಲಿ ಹೈಕೋರ್ಟ್ ಕೂಡ 2024ರ ಮೇ ತಿಂಗಳಲ್ಲಿ ಅಲ್ಲಿನ ಡೇರಿಗಳ ಸ್ಥಿತಿ ವಿಚಾರಿಸಿದಾಗ, ಔಷಧವನ್ನು ಆಸ್ಪತ್ರೆಗಳಿಂದ ಕಿತ್ತುಕೊಳ್ಳುವ ಮಾತಾಡದೆ, ಡೇರಿಗಳನ್ನು ವಾರವಾರ ತಪಾಸಣೆ ಮಾಡಿ ಪ್ರಾಣಿ ಹಿಂಸೆ ಕಾಯ್ದೆಯಡಿ ಪ್ರಕರಣ ದಾಖಲಿಸುವಂತೆ ಅಧಿಕಾರಿಗಳಿಗೆ ಆದೇಶಿಸಿತು. ತಪಾಸಣೆ ನಡೆಯಬೇಕಾದದ್ದು ಕೊಟ್ಟಿಗೆಯಲ್ಲಿ ಮತ್ತು ಚೀಟಿಯಿಲ್ಲದ ಬಾಟಲಿ ಮಾರುವ ಅಂಗಡಿಯಲ್ಲಿ. ಹೆರಿಗೆ ಕೋಣೆಯಲ್ಲಿ ನೋಡಬೇಕಾದದ್ದು ಬೇರೆಯೇ ಇದೆ: ಆಕ್ಸಿಟೋಸಿನ್ ಬಿಸಿಲಿಗೆ ಶಕ್ತಿ ಕಳೆದುಕೊಳ್ಳುವ ಔಷಧವಾದ್ದರಿಂದ, ಅದನ್ನು 2ರಿಂದ 8 ಡಿಗ್ರಿ ತಂಪಿನಲ್ಲಿ ಇಡುವ ಫ್ರಿಜ್ಜು ಅಲ್ಲಿದೆಯೇ, ಕರೆಂಟು ಹೋದಾಗ ಅದು ಎಷ್ಟು ಹೊತ್ತು ತಂಪಾಗಿರುತ್ತದೆ ಎಂಬುದು.